ನೊಣಗಾಳದ ಪೆಟ್ಟಿಗೆ, ರಂಪಣಿಯ ಬಲೆ

1873ನೆಯ ಇಸವಿಯಲ್ಲಿ ಮಂಗಳೂರಿನಿಂದ ಒಂದು ಇಂಗ್ಲಿಷ್ ಪುಸ್ತಕ ಹೊರಬಿತ್ತು. ಅದರ ಹೆಸರು ‘ದಿ ರಾಡ್ ಇನ್ ಇಂಡಿಯಾ’. ಎಂದರೆ, ಇಂಡಿಯಾ ದೇಶದಲ್ಲಿ ಗಾಳದ ಕೋಲು. ಬರೆದವರು ಹೆನ್ರಿ ಸಲಿವನ್ ಥಾಮಸ್ ಎಂಬವರು. ಮದ್ರಾಸ್ ಸಿವಿಲ್ ಸರ್ವಿಸಿಗೆ ಸೇರಿದವರು, ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಕಲೆಕ್ಟರಾಗಿದ್ದವರು. ಕಂದಾಯದ ಲೆಕ್ಕ, ಜಮಾಬಂದಿ, ರೈತರ ಅರ್ಜಿ ಇವುಗಳ ನಡುವೆ ಜಿಲ್ಲೆಯ ದೊರೆಯೊಬ್ಬನಿಗೆ ಗಾಳ ಹಾಕುವುದನ್ನು ಕುರಿತು ಗ್ರಂಥವನ್ನೇ ಬರೆಯುವಷ್ಟು ಬಿಡುವಿತ್ತಲ್ಲ ಎಂದು ವಾಚಕರಿಗೆ ನಗು ಬಂದರೆ ಆಶ್ಚರ್ಯವಿಲ್ಲ. ಆದರೆ ಪುಸ್ತಕಕ್ಕೆ 1881ರಲ್ಲಿ ಎರಡನೆಯ ಆವೃತ್ತಿ, 1897ರಲ್ಲಿ ಮೂರನೆಯ ಆವೃತ್ತಿ ಆಯಿತು. ಅದನ್ನು ಓದಿ, ಅದರಂತೆ ಪೆಟ್ಟಿಗೆ ಕಟ್ಟಿಕೊಂಡು, ಹಡಗು ಹತ್ತಿ ಬರುವ ಜನ ಅಷ್ಟು ಮಂದಿ ಇದ್ದರು ಎಂದಾಯಿತು.

ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡಲ ತಡಿ ನಮಗೆ ಮನೆಯ ಹಿತ್ತಿಲಿನಂತೆ. ಲಂಡನ್ನಿನ ಓದುಗನಿಗೆ ಅದೇ ಪರದೇಶ. ಅಲ್ಲಿಗೆ ಯಾವ ಕಾಲದಲ್ಲಿ ಹೊರಡಬೇಕು, ಯಾವ ಸಲಕರಣೆ ಹೊರಬೇಕು, ಯಾವುದು ಹೋದಲ್ಲಿ ದೊರೆಯದು ಎಂಬ ಚಿಂತೆ ಅವನಿಗೆ ತಿಂಗಳುಗಟ್ಟಲೆ ಮೊದಲೇ ಹುಟ್ಟುತ್ತಿತ್ತು. ಅದೇ ದಿನಗಳಲ್ಲಿ ಇದೇ ತಡಿಯಲ್ಲಿ ನಮ್ಮ ಮೊಗವೀರರೂ ಖಾರ್ವಿಗಳೂ ಅದೇ ಋತುವಿಗಾಗಿ ಬೇರೊಂದು ಬಗೆಯ ಸನ್ನಾಹ ಮಾಡುತ್ತಿದ್ದರು. ಒಂದರ ಕಥೆ ಅಚ್ಚಾಯಿತು; ಇನ್ನೊಂದರದು ಬಾಯಿಯಿಂದ ಬಾಯಿಗೆ ನಡೆದು ಬಂದು ಈಗ ಬಾಯಿಗಳೇ ಕಡಿಮೆಯಾಗುತ್ತಿವೆ. ಎರಡನ್ನೂ ಒಂದೆಡೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಕಾಲದ ವಿಚಾರ. 1869ರ ನವಂಬರದಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಅದುವರೆಗೆ ಆಫ್ರಿಕದ ತುದಿಯನ್ನು ಸುತ್ತಿ ಬರಲು ತಿಂಗಳುಗಳೇ ಹಿಡಿಯುತ್ತಿದ್ದ ಹಡಗಿನ ಹಾದಿ ವಾರಗಳಿಗೆ ಇಳಿಯಿತು. ಚಳಿಗಾಲಕ್ಕೆಂದು ಇಂಡಿಯಾಕ್ಕೆ ಬಂದು ಬೇಟೆ, ಗಾಳ ಮುಗಿಸಿಕೊಂಡು ಬೇಸಿಗೆಗೆ ಹಿಂದಿರುಗುವುದು ಹಣವಂತರಿಗೆ ಸಾಧ್ಯವಾಯಿತು. ನಮ್ಮಲ್ಲಿ ಚಳಿಗಾಲವೆಂದರೆ ಕಂಬಳಿ ಹೊದೆಯುವ ಚಳಿಯೇನೂ ಅಲ್ಲ. ಡಿಸೆಂಬರದ ಬೆಳಗ್ಗೆ ಹೆಂಚಿನ ಮೇಲೆ ಇಬ್ಬನಿ ಕಂಡರೆ ಅದೇ ಚಳಿಗಾಲ. ಕಡಲಿಗೆ ಮಾತ್ರ ಆ ತಿಂಗಳುಗಳ ಗುಣವೇ ಬೇರೆ. ಜೂನಿನಿಂದ ಸೆಪ್ಟೆಂಬರದ ತನಕ ತಡಿಯನ್ನು ಕಡಿಯುವ ತೆರೆಗಳು ಅಡಗುತ್ತವೆ. ಹೊಳೆಗಳ ಕೆಂಪು ನೀರು ತಿಳಿಯಾಗುತ್ತದೆ. ಅಳಿವೆಗಳಲ್ಲಿ ಉಪ್ಪುನೀರು ಮತ್ತೆ ಒಳನುಗ್ಗುತ್ತದೆ. ಅದರ ಹಿಂದೆಯೇ ಮೀನೂ ಬರುತ್ತದೆ.

ನೊಣಗಾಳ ಎಂಬ ಮಾತಿಗೆ ಒಂದೆರಡು ಸಾಲಿನ ವಿವರಣೆ ಬೇಕಾದೀತು. ನಾವು ಕಂಡಿರುವ ಸಾಮಾನ್ಯ ಗಾಳದಲ್ಲಿ ಎರೆಹುಳುವನ್ನೋ ಸೀಗಡಿಯನ್ನೋ ಸಿಕ್ಕಿಸಿ, ಸೀಸದ ಗುಂಡು ಕಟ್ಟಿ, ಆ ಭಾರದಿಂದ ದಾರವನ್ನು ದೂರ ಎಸೆಯುತ್ತಾರೆ. ನೊಣಗಾಳದಲ್ಲಿ ಇರೆ ಇಲ್ಲ, ಗುಂಡೂ ಇಲ್ಲ. ಕೊಕ್ಕೆಗೆ ಹಕ್ಕಿಯ ಗರಿ, ರೇಶಿಮೆಯ ಎಳೆ, ಜರಿ ಸುತ್ತಿ ಒಂದು ನೊಣವೆಂದೋ ಮರಿಮೀನೆಂದೋ ತೋರುವಂತೆ ಮಾಡುತ್ತಾರೆ. ಅದು ಗರಿಯಷ್ಟೇ ಹಗುರ. ತಾನಾಗಿ ಎಲ್ಲಿಗೂ ಹಾರದು. ಆದ್ದರಿಂದ ದಾರವನ್ನೇ ದಪ್ಪವಾಗಿ, ತೂಕವಾಗಿ ಮಾಡಿ, ಕೋಲಿನಿಂದ ಆ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಿ, ಚಾಟಿ ಬಿಚ್ಚಿಕೊಳ್ಳುವಂತೆ ನೀರಿನ ಮೇಲೆ ಇಳಿಸಬೇಕು. ಇಂಗ್ಲೆಂಡಿನಲ್ಲಿ ಗಾಳಗಾರರ ಗುರುವೆನಿಸಿದ ಐಸಾಕ್ ವಾಲ್ಟನ್ನನ ಪುಸ್ತಕ 1653ರಲ್ಲಿ ಬಂತು. ನೊಣಗಾಳದ ವಿದ್ಯೆಯನ್ನು ವಿಸ್ತಾರವಾಗಿ ಹೇಳುವ ಭಾಗವನ್ನು ಚಾರ್ಲ್ಸ್ ಕಾಟನ್ ಎಂಬವನು ಅದಕ್ಕೆ 1676ರಲ್ಲಿ ಸೇರಿಸಿದ. ಅವೆಲ್ಲ ಸಿಹಿನೀರಿನ ಹೊಳೆಗಳ ವಿದ್ಯೆ. ಉಪ್ಪುನೀರಿನ ತಡಿಗೆ ಅದನ್ನು ತರಬೇಕಾದರೆ ಸಿದ್ಧತೆ ಇಮ್ಮಡಿಯಾಗಬೇಕು.

ಪೆಟ್ಟಿಗೆಯೊಳಗೆ ಏನಿರುತ್ತಿತ್ತು? ಅದನ್ನು ಬಿಚ್ಚಿ ನೋಡಿದರೆ ಒಂದು ಸ್ವಾರಸ್ಯ ಹೊರಬೀಳುತ್ತದೆ. ಗಾಳದ ಕೋಲು ಆ ಕಾಲದಲ್ಲಿ ಎರಡು ಬಗೆ. ಒಂದು, ದಕ್ಷಿಣ ಅಮೆರಿಕದ ಗಯಾನಾ ಕಡೆಯಿಂದ ಬರುತ್ತಿದ್ದ ಗ್ರೀನ್‌ಹಾರ್ಟ್ ಎಂಬ ಗಟ್ಟಿ ಮರದ್ದು. ಇನ್ನೊಂದು, ಬಿದಿರನ್ನು ಸೀಳಿ, ಸೀಳುಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ್ದು. ಚೀನದ ಟಾಂಕಿನ್ ಬಿದಿರು ಇಪ್ಪತ್ತನೆಯ ಶತಮಾನದಲ್ಲಿ ಅದರ ಜಾಗ ಹಿಡಿಯುವ ತನಕ ಈ ಕೋಲುಗಳಿಗೆ ಬೇಕಾದ ಬಿದಿರು ಹೋಗುತ್ತಿದ್ದುದು ಇಂಡಿಯಾದಿಂದಲೇ. ವ್ಯಾಪಾರದಲ್ಲಿ ಅದಕ್ಕೆ ಕಲ್ಕತ್ತಾ ಬಿದಿರೆಂದೇ ಹೆಸರು. ಇನ್ನು ಗರಿ. ಸಾಲ್ಮನ್ ಮೀನಿಗೆಂದು ಕಟ್ಟುವ ಬೆಲೆಬಾಳುವ ನೊಣಗಳಲ್ಲಿ ಕಣ್ಣಿನಂತೆ ಹೊಳೆಯುವ ಒಂದು ಗರಿ ಇರುತ್ತದೆ. ಮೇಣ ಸವರಿದಂತೆ ಮಿನುಗುವ ಹಳದಿ–ಬಿಳಿ ಚುಕ್ಕೆಯ ಆ ಗರಿ ಬೂದು ಕಾಡುಕೋಳಿ ಹುಂಜದ ಕೊರಳಿನದು. ಆ ಹಕ್ಕಿ ಇರುವುದು ನಮ್ಮ ದಕ್ಷಿಣ ದೇಶದಲ್ಲಿ. ಕೊಲ್ಲೂರಿನ ಘಟ್ಟದ ಕಾಡಿನಲ್ಲಿ ಬೆಳಗಿನ ಜಾವ ಕೂಗುವ ಕೋಳಿಯೂ ಅದೇ. ಈಗ 1972ರ ವನ್ಯಜೀವಿ ಕಾಯಿದೆಯಂತೆ ಅದನ್ನು ಕೊಲ್ಲುವಂತಿಲ್ಲ. ಅಂದು ಹಾಗಿರಲಿಲ್ಲ. ನಮ್ಮ ಬಿದಿರು, ನಮ್ಮ ಕೋಳಿಯ ಗರಿ ಸಮುದ್ರ ದಾಟಿ ಹೋಗಿ, ಅಲ್ಲಿಯ ಕುಶಲಕರ್ಮಿಯ ಕೈಯಲ್ಲಿ ರೂಪ ತಳೆದು, ಸೊಗಸಾದ ತೊಗಲ ಪೆಟ್ಟಿಗೆಯಲ್ಲಿ ಮಲಗಿ ಮತ್ತೆ ನಮ್ಮ ತಡಿಗೆ ಬರುತ್ತಿದ್ದವು. ಹತ್ತಿ ಹೋಗಿ ಬಟ್ಟೆಯಾಗಿ ಬಂದ ಕಥೆಯ ಒಂದು ಸಣ್ಣ ಮರಿಯೆನ್ನಬಹುದು.

ಕೊಕ್ಕೆಗೂ ದಾರಕ್ಕೂ ನಡುವೆ, ಮೀನಿನ ಕಣ್ಣಿಗೆ ಬೀಳದ ಹಾಗೆ, ಒಂದು ತೆಳ್ಳನೆಯ ಎಳೆ ಬೇಕು. ನೈಲಾನ್ ಬರುವ ಮೊದಲು ಅದು ರೇಶಿಮೆಹುಳುವಿನ ಒಡಲಿನದು. ನೂಲುವ ಹೊತ್ತಿಗೆ ಸರಿಯಾಗಿ ಹುಳುವನ್ನು ಕಾಡಿಯಲ್ಲಿ ನೆನೆಸಿ, ಅದರ ರೇಶಿಮೆಯ ಗ್ರಂಥಿಯನ್ನು ಹಿಗ್ಗಿಸಿ ಎಳೆ ಮಾಡುತ್ತಿದ್ದರು. ಸ್ಪೇನಿನ ಮುರ್ಸಿಯಾ ಪ್ರಾಂತ ಈ ಕಸುಬಿಗೆ ಹೆಸರಾಗಿತ್ತು. ಒಣಗಿದಾಗ ಈ ಎಳೆ ಹಪ್ಪಳದಂತೆ ಮುರಿಯುತ್ತದೆ. ಆದ್ದರಿಂದ ಗಂಟು ಹಾಕುವ ಮೊದಲು ನೀರಿನಲ್ಲಿ ನೆನೆಹಾಕಬೇಕು. ರೇಶಿಮೆಯ ದಾರವನ್ನು ದಿನದಿನವೂ ಬಿಚ್ಚಿ ಒಣಗಿಸಿ ಎಣ್ಣೆ ಸವರಬೇಕು. ಇಲ್ಲವಾದರೆ ನಮ್ಮ ಹವೆಗೆ ಅದು ಕೊಳೆತುಹೋಗುತ್ತದೆ. ಉಕ್ಕಿನ ಕೊಕ್ಕೆಗೆ ಉಪ್ಪಿನಿಂದ ತುಕ್ಕು, ಗರಿಗೆ ಹುಳುವಿನ ಕಾಟ. ಪರದೇಶಕ್ಕೆ ಹೊರಡುವವನು ಎಲ್ಲವನ್ನೂ ಒಂದಕ್ಕೆ ಮೂರರಂತೆ ಕಟ್ಟಿಕೊಳ್ಳಬೇಕಾದುದು ಇದರಿಂದ. ಮುರಿದ ಕೋಲಿಗೆ ತುದಿ ಹಾಕಿಕೊಡುವ ಅಂಗಡಿ ಗಂಗೊಳ್ಳಿಯಲ್ಲಿ ಎಲ್ಲಿ ದೊರೆಯಬೇಕು?

ಇಷ್ಟನ್ನು ಹೊತ್ತು ಬಂದವನು ತಡಿಯಲ್ಲಿ ನಿಂತಾಗ ಪೆಟ್ಟಿಗೆಗೆ ತಿಳಿಯದ ಪಾಠಗಳು ಶುರುವಾಗುತ್ತವೆ. ಮೊದಲನೆಯದು ಗಾಳಿಯದು. ಚಳಿಗಾಲದಲ್ಲಿ ರಾತ್ರಿಯೆಲ್ಲ ನೆಲ ತಣಿದು, ಬೆಳಗಿನ ಜಾವ ಘಟ್ಟದ ಕಡೆಯಿಂದ ಕಡಲಿಗೆ ಮೂಡಣ ಗಾಳಿ ಬೀಸುತ್ತದೆ. ಅದು ತೆರೆಯ ತಲೆಯನ್ನು ಸವರಿ ಮಟ್ಟ ಮಾಡುತ್ತದೆ. ಪಡುವಣಕ್ಕೆ ಮುಖ ಮಾಡಿ ನಿಂತವನ ಬೆನ್ನಿಗೆ ಗಾಳಿಯಾದ್ದರಿಂದ ಹಗುರವಾದ ನೊಣ ದೂರ ಹೋಗುತ್ತದೆ. ಬಿಸಿಲೇರಿದ ಮೇಲೆ ಗಾಳಿ ತಿರುಗಿ ಕಡಲಿಂದ ಬೀಸತೊಡಗಿತೆಂದರೆ ಬೀಸಿದ ನೊಣ ಬೀಸಿದವನ ಟೊಪ್ಪಿಗೆಗೇ ಬಂದು ಸಿಕ್ಕಿಕೊಂಡೀತು. ನಮ್ಮ ಹಾಯಿದೋಣಿಗಳು ನಸುಕಿನಲ್ಲಿ ಹೊರಗೆ ಹೋಗುತ್ತಿದ್ದುದೂ ಮಧ್ಯಾಹ್ನದ ಮೇಲೆ ದಡಕ್ಕೆ ಬರುತ್ತಿದ್ದುದೂ ಈ ಎರಡು ಗಾಳಿಗಳ ಬೆನ್ನೇರಿಯೇ.

ಎರಡನೆಯ ಪಾಠ ನೀರಿನದು. ದಿನಕ್ಕೆ ಎರಡು ಸಲ ಏರುವ ನೀರು ನಮ್ಮ ತಡಿಯಲ್ಲಿ ಅಮಾವಾಸ್ಯೆ–ಹುಣ್ಣಿಮೆಗಳ ಆಸುಪಾಸು ಸುಮಾರು ಒಂದೂವರೆ ಮೀಟರಿನಷ್ಟು ಏರಿಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಸೊರಗುತ್ತದೆ. ದಿನದಿಂದ ದಿನಕ್ಕೆ ಹೊತ್ತು ಮುಕ್ಕಾಲು ಗಂಟೆಗೂ ಮಿಕ್ಕಿ ಮುಂದಕ್ಕೆ ಹೋಗುತ್ತದೆ. ಬೆರಳ ಮೇಲೆ ತಿಥಿ ಎಣಿಸುವ ಮೀನುಗಾರನಿಗೆ ಪಂಚಾಂಗವೇ ಕಡಲಿನ ಗಡಿಯಾರ. ಬಂದವನು ಇದನ್ನು ಕೇಳಿಯೇ ತಿಳಿಯಬೇಕು.

ಮೂರನೆಯದು ಸ್ಥಳದ ಪಾಠ. ಕುಂದಾಪುರದಲ್ಲಿ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ, ಒಂದು ಕಡೆ ಕೋಡಿ, ಇನ್ನೊಂದು ಕಡೆ ಗಂಗೊಳ್ಳಿಯನ್ನು ಇಟ್ಟುಕೊಂಡು ಕಡಲು ಸೇರುತ್ತವೆ. ಬ್ರಹ್ಮಾವರದ ಕಡೆ ಸೀತಾ, ಸ್ವರ್ಣಾ ನದಿಗಳು ಹಂಗಾರಕಟ್ಟೆ, ಕೋಡಿ ಬೆಂಗ್ರೆಗಳ ಬಳಿ ಒಂದಾಗಿ ಕಡಲಿಗೆ ಬೀಳುತ್ತವೆ. ನೀರು ಇಳಿಯುವಾಗ ಇಂಥ ಅಳಿವೆಯ ಬಾಯಲ್ಲಿ ಮರಿಮೀನುಗಳು ಹೊರಕ್ಕೆ ಜಾರುತ್ತವೆ. ಅವನ್ನು ಹಿಡಿಯಲು ರಾವಸದಂಥ ದೊಡ್ಡ ಮೀನು ಬಂದು ಕಾಯುತ್ತದೆ. ಮರವಂತೆಯಲ್ಲಿ ಕಡಲೂ ಸೌಪರ್ಣಿಕೆಯೂ ರಸ್ತೆಯ ಎರಡು ಮಗ್ಗುಲಿಗೆ ಹರಿದರೂ ಅಲ್ಲಿ ತೆರೆ ಬಿರುಸು, ದಡ ಕಡಿದು. ಬೈಂದೂರಿನ ಸೋಮೇಶ್ವರದಲ್ಲಿ ಬಂಡೆಗಳುಂಟು, ಹೊಳೆಯ ಬಾಯಿಯೂ ಉಂಟು. ಇವುಗಳನ್ನು ಯಾವ ಪರದೇಶಿಯೂ ಊರಿನವರ ನೆರವಿಲ್ಲದೆ ಒಂದೆರಡು ಚಳಿಗಾಲದಲ್ಲಿ ಕಲಿತಾನು ಎಂದು ನಂಬುವುದು ಕಷ್ಟ.

ಇನ್ನು ಊರಿನವರ ಸಿದ್ಧತೆ. ಈ ತಡಿಯ ಚಳಿಗಾಲದ ದೊಡ್ಡ ಕಾರ್ಯ ರಂಪಣಿ. ಸಾವಿರ ಮೀಟರಿಗೂ ಮಿಕ್ಕಿ ಉದ್ದವಾಗಬಲ್ಲ ಈ ಬಲೆ ಒಬ್ಬನದಲ್ಲ. ಒಂದೊಂದು ಮನೆಯವರು ಒಂದೊಂದು ತುಂಡು ಬಲೆ ಹೆಣೆದು ತರುತ್ತಿದ್ದರು. ತುಂಡುಗಳನ್ನೆಲ್ಲ ಜೋಡಿಸಿ ಒಂದೇ ಬಲೆ. ಬಂದ ಮೀನಿನಲ್ಲಿ ತುಂಡಿಗೆ ಇಷ್ಟು, ದುಡಿದ ಕೈಗೆ ಇಷ್ಟು ಎಂದು ಪಾಲು. ಮಳೆಗಾಲದ ಕಡಲು ಮೊರೆಯುತ್ತಿರುವಾಗ ಮನೆಯ ಜಗಲಿಗಳಲ್ಲಿ ಸೆಣಬಿನ, ಹತ್ತಿಯ ನೂಲು ಹೊಸೆಯುವ, ಹರಿದುದನ್ನು ಕಟ್ಟುವ ಕೆಲಸ ನಡೆಯುತ್ತಿತ್ತು. ಬಲೆ ಕೊಳೆಯದಂತೆ ಮರದ ತೊಗಟೆಯ ಒಗರಿನಲ್ಲಿ ಅದ್ದಿ ಒಣಗಿಸಬೇಕು. ಮೇಲಂಚಿಗೆ ತೇಲುವ ಮರದ ತುಂಡು, ಕೆಳಅಂಚಿಗೆ ಕಲ್ಲು. ಕಡಲು ತಿಳಿಯಾದ ಮೇಲೆ ದಡದಲ್ಲಿ ನೋಟಗಾರ ನಿಲ್ಲುತ್ತಾನೆ. ನೀರಿನ ಬಣ್ಣ ಮಾಸಿದ್ದು, ಮೇಲ್ಮೈ ನವಿರಾಗಿ ನಡುಗಿದ್ದು, ಹಕ್ಕಿ ಎರಗಿದ್ದು, ಇವುಗಳಿಂದ ಬಂಗುಡೆಯ ಹಿಂಡೋ ಬೈಗೆಯ ಹಿಂಡೋ ಎಂದು ಅವನು ಹೇಳಬೇಕು. ಅವನ ಕೈ ಮೇಲಾಯಿತೋ, ದೊಡ್ಡ ದೋಣಿ ಬಲೆಯನ್ನು ಬಿಡುತ್ತಾ ಅರ್ಧಚಂದ್ರಾಕಾರದಲ್ಲಿ ಸುತ್ತಿ ಬರುತ್ತದೆ. ಎರಡು ತುದಿಗಳನ್ನೂ ಹಿಡಿದು ಅರುವತ್ತರಿಂದ ನೂರು ಜನ ದಡಕ್ಕೆ ಎಳೆಯುತ್ತಾರೆ. ಮೀನು ಅತಿಯಾದಾಗ ಬಲೆಯನ್ನು ನೀರಿನಲ್ಲೇ ಕಟ್ಟಿಟ್ಟು ಕೆಲವು ದಿನಗಳ ತನಕ ಬೇಕಾದಷ್ಟೇ ತೆಗೆಯುವುದೂ ಇತ್ತು. ಉಪ್ಪು ಹಾಕಿ ಉಳಿದುದು ತೆಂಗಿನ ಬುಡಕ್ಕೆ ಗೊಬ್ಬರ.

ಒಬ್ಬನದು ವಿನೋದ, ಇನ್ನೊಬ್ಬರದು ಹೊಟ್ಟೆಪಾಡು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ನಿಜ. ಆದರೆ ಥಾಮಸರನ್ನು ಬರಿಯ ವಿನೋದಗಾರರೆಂದು ತಳ್ಳಿಹಾಕುವುದೂ ಸರಿಯಲ್ಲ. ಗಾಳದ ಪುಸ್ತಕಕ್ಕೆ ಮೊದಲೇ, 1870ರಲ್ಲಿ, ದಕ್ಷಿಣ ಕನ್ನಡದ ಮೀನು ಸಾಕಣೆಯನ್ನು ಕುರಿತು ಅವರ ವರದಿ ಪ್ರಕಟವಾಗಿತ್ತು. ಮರಿಮೀನುಗಳನ್ನು ವಿವೇಕವಿಲ್ಲದೆ ನಾಶಮಾಡಿದರೆ ನಾಳೆ ಜನರಿಗೆ ಆಹಾರವೆಲ್ಲಿ ಎಂಬುದು ಅವರ ಕಳಕಳಿ. ಹೊಳೆಗೆ ವಿಷ ಹಾಕಿ, ಸಿಡಿಮದ್ದು ಸಿಡಿಸಿ ಮೀನು ಹಿಡಿಯುವುದನ್ನು ನಿಷೇಧಿಸಿದ ಇಂಡಿಯನ್ ಫಿಶರೀಸ್ ಆಕ್ಟ್ 1897ರಲ್ಲಿ ಬಂತು. ಗಾಳ ಹಿಡಿದು ಗಂಟೆಗಟ್ಟಲೆ ನೀರನ್ನು ನೋಡಿದವನಿಗೆ ನೀರಿನ ಚಿಂತೆಯೂ ಹತ್ತಿಕೊಳ್ಳುವುದು ಸಹಜ.

ರಂಪಣಿಯ ಕೊನೆ ಬಂದುದು ಬೇರೆ ದಿಕ್ಕಿನಿಂದ. 1976ರ ಸುಮಾರಿಗೆ ಕರ್ನಾಟಕದ ಕರಾವಳಿಗೆ ಪರ್ಸೀನ್ ಬಲೆ ಬಂತು. ಯಂತ್ರದೋಣಿ ಕಡಲಿನಲ್ಲೇ ಹಿಂಡನ್ನು ಸುತ್ತುವರಿದು, ಬಲೆಯ ತಳವನ್ನು ಹಣದ ಚೀಲದ ಬಾಯಿಯಂತೆ ಬಿಗಿದು ಎತ್ತುತ್ತದೆ. ದಡಕ್ಕೆ ಬರಬೇಕಾದ ಮೀನು ದಡ ಕಾಣುವ ಮೊದಲೇ ಮುಗಿಯಿತು. ದಡದವರಿಗೂ ಯಂತ್ರದವರಿಗೂ ಜಗಳಗಳಾದವು. ರಂಪಣಿಯ ಪಾಲುಗಾರರಲ್ಲೇ ಹಲವರು ಕೂಡಿ ಪರ್ಸೀನ್ ದೋಣಿ ಕೊಂಡರು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಬಹುಮಟ್ಟಿಗೆ ಕಾಣದಾಯಿತು. ಕೈರಂಪಣಿಯೆಂಬ ಚಿಕ್ಕ ತಮ್ಮ ಮಾತ್ರ ಅಲ್ಲಲ್ಲಿ ಉಳಿದುಕೊಂಡಿದ್ದಾನೆ. ಮೀನು ಹೆಚ್ಚು ಬಂತು, ಕೈಗೆ ಹಣ ಬಂತು, ಇದನ್ನು ಅಲ್ಲಗಳೆಯಲಾಗದು. ಆದರೆ ನೀರಿನ ಬಣ್ಣ ಓದುತ್ತಿದ್ದ ನೋಟಗಾರನ ವಿದ್ಯೆಗೆ ಗಿರಾಕಿಯೇ ಇಲ್ಲವಾಯಿತು.

ನೊಣಗಾಳದ ವಿದ್ಯೆ ಹಾಗಲ್ಲ. ಬಿದಿರು ಹೋಗಿ ಕಾರ್ಬನ್ ನಾರಿನ ಕೋಲು ಬಂತು, ಹುಳುವಿನ ಎಳೆ ಹೋಗಿ ನೈಲಾನ್ ಬಂತು. ವಿದ್ಯೆ ಪುಸ್ತಕದಲ್ಲಿತ್ತು, ಉಳಿಯಿತು. ನೂರೈವತ್ತು ವರ್ಷದ ಹಿಂದೆ ಗಾಳಗಾರನೊಬ್ಬ ಪೆಟ್ಟಿಗೆ ಕಟ್ಟಿದ ಬಗೆ ನಮಗೆ ಇಂದು ತಿಳಿಯುತ್ತದೆ. ಐವತ್ತು ವರ್ಷದ ಹಿಂದೆ ಗಂಗೊಳ್ಳಿಯಲ್ಲಿ ಬಲೆಗೆ ಒಗರು ಕಾಯಿಸಿದವರ ಹದ, ಹಿಂಡಿನ ನಡೆಯಿಂದ ಜಾತಿ ಹೇಳಿದವರ ಕಣ್ಣು, ಒಂದೊಂದು ಗಾಳಿಗೆ ಅವರಿಟ್ಟಿದ್ದ ಹೆಸರು ಇವೆಲ್ಲ ಬರಹದಲ್ಲಿ ದೊರೆಯುವುದು ತೀರ ಕಡಿಮೆ. ರಂಪಣಿಯ ಹಗ್ಗ ಎಳೆದ ಹಿರಿಯರು ಕೋಡಿಯಲ್ಲಿ, ಮರವಂತೆಯಲ್ಲಿ, ಬೆಂಗ್ರೆಯಲ್ಲಿ ಇನ್ನೂ ಇದ್ದಾರೆ. ಈ ಚಳಿಗಾಲದಲ್ಲಿ ಆ ಕಡೆ ಹೋಗುವ ವಾಚಕರು ಗಾಳ ಒಯ್ಯದಿದ್ದರೂ ಚಿಂತೆಯಿಲ್ಲ. ಒಂದು ನೋಟುಪುಸ್ತಕ, ಒಂದು ಪೆನ್ಸಿಲು ಒಯ್ದು, ಬೆಳಗಿನ ಮೂಡಣ ಗಾಳಿಯಿರುವಾಗಲೇ ಅವರ ಪಕ್ಕದಲ್ಲಿ ಹೊಯಿಗೆಯ ಮೇಲೆ ಕುಳಿತುಕೊಳ್ಳಲಿ.