ಐವತ್ತನಾಲ್ಕು ವರ್ಷಗಳ ಕಾಯುವಿಕೆ



ಮಧುಗಿರಿ ತಾಲ್ಲೂಕಿನ ಬಡವನಹಳ್ಳಿಯಂತಹ ಊರಿನಲ್ಲಿ ಸಂಜೆಯ ಹೊತ್ತು ಮಕ್ಕಳು ಆಡುವ ಆಟಗಳು ಯಾವುವೆಂದು ಕೇಳಿದರೆ ನೀವು ಕಬಡ್ಡಿ, ಖೋ ಖೋ, ವಾಲಿಬಾಲ್, ಕ್ರಿಕೆಟ್ ಎಂದು ಹೇಳುವಿರಿ. ಕಾಲ್ಚೆಂಡಾಟದ ಹೆಸರು ಕೊನೆಗೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಆದರೂ ಹೆಸರಿನಲ್ಲೇ ಬಡವನನ್ನು ಇರಿಸಿಕೊಂಡಿರುವ ಆ ಊರಿನ ಮಕ್ಕಳಿಗೆ ಈ ಆಟದ ಕಥೆಯನ್ನು ಹೇಳಲೇಬೇಕು. ಏಕೆಂದರೆ ನಮ್ಮ ನಾಡಿನಲ್ಲಿ ಇದನ್ನು ಬೆಳೆಸಿದವರಲ್ಲಿ ಬಹುಪಾಲು ಜನರು ಬಡವರೇ. ಬೂಟು ಕೊಳ್ಳಲಾಗದೆ ಬರಿಗಾಲಿನಲ್ಲಿ ಆಡಿದವರು, ಕಾರ್ಖಾನೆಯ ಪಾಳಿ ಮುಗಿಸಿ ಮೈದಾನಕ್ಕೆ ಓಡಿದವರು.

2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ಕರ್ನಾಟಕದ ತಂಡವು ಮೇಘಾಲಯವನ್ನು 3-2 ಗೋಲುಗಳಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಮರುದಿನದ ಪತ್ರಿಕೆಗಳಲ್ಲಿ ಸುದ್ದಿ ಬಂದಿತು. ಕೆಲವು ದಿನಗಳಲ್ಲಿ ಮರೆತೂ ಹೋಯಿತು. ಆದರೆ ಈ ಗೆಲುವಿನ ಹಿಂದೆ ಐವತ್ತನಾಲ್ಕು ವರ್ಷಗಳ ಕಾಯುವಿಕೆ ಇತ್ತು. ಅದನ್ನು ಸ್ವಲ್ಪ ಸಾವಧಾನವಾಗಿ ನೋಡೋಣ.

ಸಂತೋಷ್ ಎಂಬುದು ಇಂದಿನ ಬಾಂಗ್ಲಾದೇಶದಲ್ಲಿರುವ ಒಂದು ಊರು. ಅಲ್ಲಿನ ಮಹಾರಾಜರಾಗಿದ್ದ ಸರ್ ಮನ್ಮಥನಾಥ ರಾಯ್ ಚೌಧುರಿಯವರು ಕಾಲ್ಚೆಂಡಾಟದ ಪೋಷಕರು. ಅವರ ನೆನಪಿಗಾಗಿ 1941ರಲ್ಲಿ ಪ್ರಾಂತ್ಯಗಳ ನಡುವೆ ಈ ಪಂದ್ಯಾವಳಿ ಆರಂಭವಾಯಿತು. ಕ್ಲಬ್ಬುಗಳ ಬದಲು ರಾಜ್ಯಗಳೇ ಇಲ್ಲಿ ಎದುರಾಳಿಗಳು. ಆಟಗಾರನ ಎದೆಯ ಮೇಲೆ ಕಂಪನಿಯ ಹೆಸರಿಗಿಂತ ನಾಡಿನ ಹೆಸರೇ ದೊಡ್ಡದು. ಅಂದು ಬಂಗಾಳ ಎಂದರೆ ಕಾಲ್ಚೆಂಡಾಟ, ಕಾಲ್ಚೆಂಡಾಟ ಎಂದರೆ ಬಂಗಾಳ ಎಂಬಂತಿತ್ತು. ಅಂತಹ ಬಂಗಾಳವನ್ನು ಫೈನಲ್ ಪಂದ್ಯದಲ್ಲಿ ಸೋಲಿಸಿ 1946-47ರಲ್ಲಿ ನಮ್ಮ ಮೈಸೂರು ಸಂಸ್ಥಾನದ ತಂಡ ಮೊದಲ ಬಾರಿಗೆ ಪ್ರಶಸ್ತಿಯನ್ನು ಪಡೆಯಿತು.

ಆ ಬಲ ಎಲ್ಲಿಂದ ಬಂದಿತೆಂದು ನೀವು ಕೇಳಬಹುದು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರು ಆಡುವುದನ್ನು ಸುತ್ತಮುತ್ತಲಿನ ಬಡ ಬೀದಿಗಳ ಹುಡುಗರು ಅಂಚಿನಲ್ಲಿ ನಿಂತು ನೋಡಿದರು, ನೋಡಿ ಕಲಿತರು, ಕಲಿತು ಅವರನ್ನೇ ಮೀರಿಸಿದರು. ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿಯು 1891ರಲ್ಲಿ ಆರಂಭವಾದಂದಿನಿಂದ ದಶಕಗಳ ಕಾಲ ಬ್ರಿಟಿಷ್ ಸೈನ್ಯದ ತಂಡಗಳ ಸೊತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅದೇ ತಂಡ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿಯೇ ಫ್ರಾನ್ಸ್ ತಂಡವನ್ನು ಎದುರಿಸಿ 2-1ರಲ್ಲಿ ಸೋತರು. ಅಂದು ಭಾರತದ ಪರವಾಗಿ ಬಂದ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡಕ್ಕೆ ಸೇರಿ, ಅಲ್ಲಿ 'ಪಂಚಪಾಂಡವ'ರೆಂದು ಹೆಸರಾದ ಐವರು ಮುನ್ನಡೆ ಆಟಗಾರರಲ್ಲಿ ಒಬ್ಬರಾದರು.

ಮೈಸೂರು 1952-53ರಲ್ಲಿ, 1967-68ರಲ್ಲಿ, ಮತ್ತೆ 1968-69ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ನಾಲ್ಕು ಸಲವೂ ಫೈನಲ್‌ನಲ್ಲಿ ಸೋತ ತಂಡ ಬಂಗಾಳವೇ ಎಂಬುದು ಗಮನಾರ್ಹ. ಸತತ ಎರಡು ವರ್ಷ ಗೆದ್ದಾಗ ಇನ್ನೂ ಹತ್ತು ಸಲ ಗೆಲ್ಲುತ್ತೇವೆಂದು ಜನರು ಭಾವಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಬಾಗಿಲು ಅಲ್ಲಿಗೇ ಮುಚ್ಚಿತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಿತು. 1975-76ರಲ್ಲಿ ಹೊಸ ಹೆಸರಿನ ತಂಡ ಫೈನಲ್ ತಲುಪಿ ಬಂಗಾಳಕ್ಕೆ ಸೋತಿತು. ಆ ಬಳಿಕ ನಲವತ್ತೇಳು ವರ್ಷಗಳ ಕಾಲ ಫೈನಲ್ ಪಂದ್ಯದ ಮುಖವನ್ನೇ ಕಾಣಲಿಲ್ಲ.

ಇದಕ್ಕೆ ಕಾರಣವೇನು? ಹುಡುಗರಲ್ಲಿ ಪ್ರತಿಭೆ ಬತ್ತಿತೆಂದು ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ಬಡವನ ಮಗ ಆಟವಾಡಬೇಕಾದರೆ ಅವನ ಮನೆಯಲ್ಲಿ ಒಲೆ ಉರಿಯಬೇಕು. ಎಚ್.ಎ.ಎಲ್., ಐ.ಟಿ.ಐ.ಯಂತಹ ಸಾರ್ವಜನಿಕ ಉದ್ಯಮಗಳು ತಮ್ಮದೇ ತಂಡಗಳನ್ನು ಕಟ್ಟಿ ಆಟಗಾರರಿಗೆ ಕೆಲಸ ಕೊಡುತ್ತಿದ್ದ ಕಾಲವೊಂದಿತ್ತು. ಚೆಂಡನ್ನು ಚೆನ್ನಾಗಿ ಒದೆಯುವವನಿಗೆ ತಿಂಗಳ ಸಂಬಳ, ಮುಪ್ಪಿನಲ್ಲಿ ನಿವೃತ್ತಿ ವೇತನ ಎಂಬ ಭರವಸೆಯಿದ್ದಾಗ ತಂದೆತಾಯಿಗಳು ಮಗನನ್ನು ಧೈರ್ಯದಿಂದ ಮೈದಾನಕ್ಕೆ ಕಳುಹಿಸುತ್ತಿದ್ದರು. ಆ ನೇಮಕಾತಿಗಳು ಕ್ಷೀಣಿಸಿದಾಗ ಭರವಸೆಯೂ ಕ್ಷೀಣಿಸಿತು. ಉತ್ತಮ ಆಟಗಾರರು ಕಲ್ಕತ್ತೆಗೆ, ಗೋವಾಕ್ಕೆ ಹೋದರು. ಊರಿನಲ್ಲಿ ಮೈದಾನಗಳು ಕಟ್ಟಡಗಳಾದವು. ಮನೆಮನೆಗೆ ಬಂದ ದೂರದರ್ಶನದಲ್ಲಿ ಕ್ರಿಕೆಟ್ ಮೆರೆಯಿತು.

ಆದರೂ ಬೆಂಕಿ ಪೂರ್ತಿ ಆರಲಿಲ್ಲ. ಬೂದಿಯ ಕೆಳಗೆ ಕೆಂಡವಿತ್ತು. ನೀವು ಬೆಂಗಳೂರಿನ ಹಲಸೂರಿನ ಬಳಿಯ ಗೌತಮಪುರಕ್ಕೆ ಹೋಗಿದ್ದರೆ ಇದನ್ನು ಕಂಡಿರುವಿರಿ. ಅಲ್ಲಿ ಡಾ. ಅಂಬೇಡ್ಕರ್ ಮತ್ತು ಮದರ್ ತೆರೇಸಾರ ಪ್ರತಿಮೆಗಳ ಜೊತೆಯಲ್ಲಿ ಬ್ರೆಜಿಲ್ ದೇಶದ ಪೆಲೆಯ ಪ್ರತಿಮೆಯೂ ಇದೆ. ಒಂದು ಬಡ ಬಡಾವಣೆಯ ಜನರು ತಮಗೆ ತಲೆಯೆತ್ತಿ ನಿಲ್ಲುವುದನ್ನು ಕಲಿಸಿದವರ ಸಾಲಿನಲ್ಲಿ ಒಬ್ಬ ಕಾಲ್ಚೆಂಡಿಗನನ್ನೂ ನಿಲ್ಲಿಸಿದ್ದಾರೆ. ಅದನ್ನು ನೋಡಿ ನಗುವವರು ನಗಲಿ. ಗೌರವ ಎಲ್ಲಿಂದ ಹುಟ್ಟುತ್ತದೆಂಬುದನ್ನು ಆ ಜನರು ಬಲ್ಲರು.

ಇನ್ನು 2022-23ರ ಋತುವಿಗೆ ಬರೋಣ. ಅದು ಪಂದ್ಯಾವಳಿಯ 76ನೆಯ ವರ್ಷದ ಆವೃತ್ತಿ. ಅಂತಿಮ ಹಂತದ ಗುಂಪು ಪಂದ್ಯಗಳು ಒಡಿಶಾದ ಭುವನೇಶ್ವರದಲ್ಲಿ ನಡೆದವು. ಸೆಮಿಫೈನಲ್ ಮತ್ತು ಫೈನಲ್ ಪಂದ್ಯಗಳನ್ನು ಮೊತ್ತಮೊದಲ ಬಾರಿಗೆ ವಿದೇಶದಲ್ಲಿ, ರಿಯಾದಿನ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ಏರ್ಪಡಿಸಲಾಯಿತು. ತರಬೇತುದಾರ ರವಿಬಾಬು ರಾಜು ಅವರ ಹುಡುಗರು ಮನೆಮಾತಾದ ತಾರೆಗಳಲ್ಲ. ಅವರಲ್ಲಿ ಹೆಚ್ಚಿನವರ ಹೆಸರನ್ನು ನೀವಾಗಲೀ ನಾನಾಗಲೀ ಅದಕ್ಕೆ ಮುಂಚೆ ಕೇಳಿರಲಿಲ್ಲ.

ಸೆಮಿಫೈನಲ್‌ನಲ್ಲಿ ಸರ್ವಿಸಸ್ ತಂಡವೇ ಮೊದಲು ಗೋಲು ಹೊಡೆಯಿತು. ಕರ್ನಾಟಕ ಧೃತಿಗೆಡದೆ 3-1ರಿಂದ ಗೆದ್ದಿತು. ಫೈನಲ್‌ನಲ್ಲಿ ಮೂರನೆಯ ನಿಮಿಷಕ್ಕೇ ಸುನಿಲ್ ಕುಮಾರ್ ಗೋಲು ಬಾರಿಸಿದರು. ಆ ಸಂಭ್ರಮ ಆರುವ ಮೊದಲೇ ಮೇಘಾಲಯ ಪೆನಾಲ್ಟಿಯಲ್ಲಿ ಸಮ ಮಾಡಿತು. ಬೆಕೆ ಓರಾಂ ಮತ್ತೆ ಮುನ್ನಡೆ ತಂದರು. ವಿರಾಮಕ್ಕೆ ಕೆಲವೇ ಕ್ಷಣಗಳಿರುವಾಗ ರಾಬಿನ್ ಯಾದವ್ ಫ್ರೀ ಕಿಕ್‌ನಿಂದ ಮೂರನೆಯ ಗೋಲು ಗಳಿಸಿದರು. ದ್ವಿತೀಯಾರ್ಧದಲ್ಲಿ ಮೇಘಾಲಯ ಇನ್ನೊಂದು ಗೋಲು ಹೊಡೆದು ಹತ್ತಿರ ಬಂದಾಗ ಉಳಿದಿದ್ದುದು ಸುಮಾರು ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ಹುಡುಗರು ಬಿಗಿಹಿಡಿದು ದಾಟಿದರು.

ಇಲ್ಲಿ ಒಂದು ಮಾತನ್ನು ಗಮನಿಸಿರಿ. ಹಿಂದಿನ ನಾಲ್ಕು ಪ್ರಶಸ್ತಿಗಳೂ ಮೈಸೂರಿನ ಹೆಸರಿನಲ್ಲಿ ಬಂದವು. 'ಕರ್ನಾಟಕ' ಎಂಬ ಹೆಸರು ವಿಜೇತರ ಪಟ್ಟಿಯಲ್ಲಿ ಮೊದಲ ಬಾರಿಗೆ ಸೇರಿದ್ದು 2023ರಲ್ಲಿ, ನಾಮಕರಣವಾಗಿ ಐವತ್ತು ವರ್ಷ ತುಂಬುವ ವರ್ಷದಲ್ಲಿ. ಹೆಸರಿಡುವುದು ಒಂದು ದಿನದ ಕೆಲಸ. ಆ ಹೆಸರಿಗೆ ತಕ್ಕುದನ್ನು ಗಳಿಸಲು ಅರ್ಧ ಶತಮಾನವೂ ಬೇಕಾಗಬಹುದು.

ಇಂಗ್ಲೆಂಡಿನ ಉತ್ತರ ಭಾಗದ ವೆಸ್ಟ್ ಆಕ್ಲೆಂಡ್ ಎಂಬ ಪುಟ್ಟ ಊರಿನ ಕಲ್ಲಿದ್ದಲು ಗಣಿ ಕಾರ್ಮಿಕರ ತಂಡವೊಂದು 1909ರಲ್ಲಿ ಇಟಲಿಗೆ ಹೋಗಿ ಸರ್ ಥಾಮಸ್ ಲಿಪ್ಟನ್ ಟ್ರೋಫಿಯನ್ನು ಗೆದ್ದಿತು. 1911ರಲ್ಲಿ ಮತ್ತೆ ಹೋಗಿ ಯುವೆಂಟಸ್ ತಂಡವನ್ನು 6-1ರಿಂದ ಮಣಿಸಿತು. ಆ ಊರಿನ ತಂಡ ಇಂದಿಗೂ ಪ್ರಾದೇಶಿಕ ಲೀಗಿನಲ್ಲಿಯೇ ಆಡುತ್ತಿದೆ. ಆದರೂ ಊರಿನವರು ಆ ನೆನಪನ್ನು ಜತನದಿಂದ ಕಾಪಾಡಿದ್ದಾರೆ. ಸಣ್ಣ ಊರು ತನ್ನವರನ್ನು ಮರೆಯದಿರುವುದೇ ಅದರ ದೊಡ್ಡತನ.

ನಾವು ಅಷ್ಟು ಜತನ ಮಾಡಿದ್ದೇವೆಯೇ? 1968-69ರಲ್ಲಿ ಗೆದ್ದವರಲ್ಲಿ ಎಷ್ಟು ಜನರ ಹೆಸರು ನಮ್ಮ ಮಕ್ಕಳಿಗೆ ಗೊತ್ತು? ಅಂದು ಇಪ್ಪತ್ತೈದರ ತರುಣನಾಗಿದ್ದವನಿಗೆ 2023ರಲ್ಲಿ ಎಪ್ಪತ್ತೊಂಬತ್ತು ವರ್ಷ. ತಮ್ಮ ನಂತರ ಆ ಬಟ್ಟಲನ್ನು ಎತ್ತುವವರನ್ನು ಕಾಣಲು ಅವರು ಒಂದು ಜೀವಮಾನವೇ ಕಾಯಬೇಕಾಯಿತು. ನಡುವಿನ ವರ್ಷಗಳಲ್ಲಿ ಆಡಿ ಸೋತವರ, ಸಂಬಳವಿಲ್ಲದೆ ಬೆಳಗಿನ ಜಾವ ಹುಡುಗರಿಗೆ ಆಟ ಕಲಿಸಿದವರ ಹೆಸರು ಯಾವ ಫಲಕದಲ್ಲಿಯೂ ಇಲ್ಲ. ಆದರೆ ಅವರು ನಡುವೆ ಕೈಬಿಟ್ಟಿದ್ದರೆ ರಿಯಾದಿನ ಆ ಸಂಜೆ ಬರುತ್ತಲೇ ಇರಲಿಲ್ಲ. ಒಬ್ಬನು ನೆಟ್ಟ ಗಿಡದ ಹಣ್ಣನ್ನು ಮತ್ತೊಬ್ಬನು ತಿನ್ನುವುದು ಲೋಕದ ರೀತಿ; ನೆಟ್ಟವನನ್ನು ನೆನೆಯುವುದು ತಿನ್ನುವವನ ಧರ್ಮ.

ಈ ಸಂಜೆ ನಿಮ್ಮ ಮಗ ಅಥವಾ ಮಗಳು ಮಣ್ಣು ಮೆತ್ತಿದ ಕಾಲಿನಲ್ಲಿ ಮನೆಗೆ ಬಂದರೆ ಗದರುವ ಮೊದಲು ಒಂದು ಕ್ಷಣ ತಡೆಯಿರಿ. ಎಲ್ಲಿ ಆಡಿದೆ, ಯಾರು ಕಲಿಸಿದರು ಎಂದು ಕೇಳಿರಿ. ಆಡಲು ಊರಿನಲ್ಲಿ ಒಂದು ಬಯಲಾದರೂ ಉಳಿದಿದೆಯೇ ಎಂದು ನೋಡಿರಿ. ಉಳಿದಿದ್ದರೆ ಅದನ್ನು ಕಾಯಿರಿ. ಅದರ ಫಲ ನಮ್ಮ ಕಾಲದಲ್ಲಿ ಬರದಿದ್ದರೂ ಚಿಂತೆಯಿಲ್ಲ.