ಕಾಲೇಜು ಮೈದಾನದಲ್ಲಿ ಶಾಮಿಯಾನ: ಹಾಕಿಸುವ ಮುನ್ನ ತಿಳಿದಿರಲಿ

ಕಾಲೇಜ್ ಡೇ, ಕ್ರೀಡಾಕೂಟ ಬಂತೆಂದರೆ ಮೈದಾನದಲ್ಲಿ ಶಾಮಿಯಾನ ಏಳುತ್ತೆ. ಇದಕ್ಕೆ ಪ್ರಾಂಶುಪಾಲರ ಒಪ್ಪಿಗೆಯೊಂದೇ ಸಾಲದು. ತಾತ್ಕಾಲಿಕ ಪೆಂಡಾಲ್‌ಗಳ ಅಗ್ನಿ ಸುರಕ್ಷತೆಗೆ ಐಎಸ್ 8758 ಎಂಬ ಭಾರತೀಯ ಮಾನದಂಡವೇ ಇದೆ. ಅದರಂತೆ ಚಾವಣಿ ಕನಿಷ್ಠ 3 ಮೀಟರ್ ಎತ್ತರ ಇರಬೇಕು, ಕರೆಂಟ್ ಲೈನ್ ಕೆಳಗೆ ಹಾಕಲೇಬಾರದು, ಸಿಂಥೆಟಿಕ್ ಬಟ್ಟೆ, ಹಗ್ಗ ಬಳಸುವಂತಿಲ್ಲ. ಬಾಡಿಗೆ ಅಂಗಡಿಯಲ್ಲಿ ಬಣ್ಣ ನೋಡೋ ಮೊದಲು ಬಟ್ಟೆ ಯಾವುದು ಅಂತ ಕೇಳಿ.

1995ರ ಡಿಸೆಂಬರ್ 23ರಂದು ಹರಿಯಾಣದ ದಬ್ವಾಲಿಯಲ್ಲಿ ಶಾಲಾ ವಾರ್ಷಿಕೋತ್ಸವದ ಶಾಮಿಯಾನಕ್ಕೆ ಬೆಂಕಿ ಬಿದ್ದು 400ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳೇ ಹೆಚ್ಚು. ಹೊರಹೋಗೋಕೆ ದಾರಿ ಒಂದೇ ಇತ್ತು. ಹಾಗಾಗಿ ಎದುರುಬದುರು ಎರಡು ಬಾಗಿಲಾದರೂ ಬಿಡಿ, ಅಲ್ಲಿ ಕುರ್ಚಿ, ಸ್ಟಾಲ್ ಇಡಬೇಡಿ. ಅಡುಗೆ ಒಲೆ, ಜನರೇಟರ್ ದೂರ ಇರಲಿ. ಗಾಳಿ ಜೋರಾದರೆ ಕಂಬ ಹಿಡ್ಕೊಂಡು ನಿಲ್ಲೋದಲ್ಲ, ಜನರನ್ನು ಹೊರಗೆ ಕಳಿಸಿ. ಬೆಂಕಿ ಕಂಡರೆ ತಕ್ಷಣ 112ಕ್ಕೆ ಕರೆ ಮಾಡಿ.