ಅಮರ್ಜಾ ದಂಡೆಯ ರವಿವಾರ



ಬೇಸಿಗೆ ರಜೆಯ ಒಂದು ರವಿವಾರ ಬೆಳಗಿನ ಬಲಿಪೂಜೆ ಮುಗಿಸಿ, ಕೆಲವು ಕುಟುಂಬಗಳವರೊಡನೆ ಆಳಂದ ತಾಲ್ಲೂಕಿನ ಕೋರಳ್ಳಿ ಬಳಿಯ ಅಮರ್ಜಾ ಜಲಾಶಯಕ್ಕೆ ಹೋಗಿದ್ದೆ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಹೊತ್ತೇರುವ ಮುನ್ನ ದಂಡೆಯ ಮೇಲೆ ಒಂದಿಷ್ಟು ಅಡ್ಡಾಡಿ ಬೇವಿನ ನೆರಳು ಸೇರಿದೆವು. ಮಕ್ಕಳು ದಾರಕ್ಕೆ ಗಂಟು ಹಾಕುತ್ತ ಜಪಸರ ಮಾಡಲು ಕುಳಿತರು. ಐವತ್ತೊಂಬತ್ತು ಗಂಟುಗಳ ಲೆಕ್ಕ ತಪ್ಪಿದಾಗಲೆಲ್ಲ ನಗೆ ಏಳುತ್ತಿತ್ತು. ದೊಡ್ಡವರು ಈಚಲ ಗರಿ ಸೀಳಿ ಪುಟ್ಟ ಶಿಲುಬೆಗಳನ್ನು ಹೆಣೆಯುತ್ತಿದ್ದರು.

ಆಗ ಅಜ್ಜಿಯೊಬ್ಬರು ಕೇಳಿದರು: “ಫಾದರ್, ಐತಾರ ದಿನ ಕೈಗೆಲಸ ಮಾಡಬಹುದೇನ್ರಿ? ನಮ್ಮವ್ವ ಸೂಜಿ ಸೈತ ಮುಟ್ಟಗೊಡ್ತಿದ್ದಿಲ್ಲ.”

ಆ ತಾಯಿಯ ಪ್ರಶ್ನೆ ಹದಿನೇಳು ಶತಮಾನಗಳಷ್ಟು ಹಳೆಯದು. 321ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ರವಿವಾರದ ಬಿಡುವನ್ನು ಶಾಸನವಾಗಿಸಿದಾಗ ನ್ಯಾಯಾಲಯಗಳು ಮುಚ್ಚಬೇಕು, ನಗರದ ಕುಶಲಕರ್ಮಿಗಳು ಕೆಲಸ ನಿಲ್ಲಿಸಬೇಕು ಎಂದಿತ್ತು. ರೈತನಿಗೆ ಮಾತ್ರ ವಿನಾಯಿತಿ, ಏಕೆಂದರೆ ಬಿತ್ತನೆಯ ಹದ ಯಾರಿಗೂ ಕಾಯುವುದಿಲ್ಲ. ತೊಗರಿ ಬಿತ್ತುವ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂದೆ ಧರ್ಮಸಭೆ “ದಾಸ್ಯದ ದುಡಿಮೆ”ಯನ್ನು ರವಿವಾರ ನಿಷೇಧಿಸಿತು. 1917ರ ಧರ್ಮಸಭಾ ಸಂಹಿತೆಯಲ್ಲೂ ಆ ಮಾತಿದೆ. ಅಜ್ಜಿಯ ಅವ್ವ ಸೂಜಿ ಕಸಿದುಕೊಂಡದ್ದು ಈ ಕಟ್ಟಳೆಯಿಂದಲೇ ಇರಬೇಕು. 1983ರ ಸಂಹಿತೆ ಕೆಲಸಗಳ ಪಟ್ಟಿಯ ಗೊಡವೆಗೆ ಹೋಗುವುದಿಲ್ಲ. ಆರಾಧನೆಗೆ, ದಿನದ ಆನಂದಕ್ಕೆ, ದೇಹ ಮನಸ್ಸುಗಳ ವಿಶ್ರಾಂತಿಗೆ ಅಡ್ಡಿಯಾಗುವುದನ್ನು ಬಿಡಿ ಎನ್ನುತ್ತದೆ, ಅಷ್ಟೇ.

ಗರಿ ಹೆಣೆಯುವ ಕಸುಬಿಗಂತೂ ಪ್ರಾರ್ಥನೆಯೊಡನೆ ಬಹು ಹಳೆಯ ನಂಟು. ನಾಲ್ಕನೆಯ ಶತಮಾನದ ಈಜಿಪ್ಟಿನ ಮರುಭೂಮಿಯ ತಪಸ್ವಿಗಳು ತಾಳೆಗರಿಯ ಚಾಪೆ, ಬುಟ್ಟಿ ಹೆಣೆದು ಹೊಟ್ಟೆ ಹೊರೆಯುತ್ತಿದ್ದರು. ಬೇಸರದಿಂದ ಕುಗ್ಗಿದ್ದ ಸಂತ ಅಂತೋಣಿಯವರ ಮುಂದೆ ದೇವದೂತನೇ ಹಗ್ಗ ಹೊಸೆಯುತ್ತ ಕುಳಿತು, ನಡುನಡುವೆ ಎದ್ದು ಪ್ರಾರ್ಥಿಸಿ ತೋರಿಸಿದನೆಂಬ ಕಥೆಯಿದೆ. ಅದೇ ಮರುಭೂಮಿಯ ಪೌಲನೆಂಬ ತಪಸ್ವಿ ದಿನಕ್ಕೆ ಮುನ್ನೂರು ಪ್ರಾರ್ಥನೆಗಳನ್ನು ಬೆಣಚುಕಲ್ಲುಗಳಿಂದ ಎಣಿಸುತ್ತಿದ್ದನಂತೆ. ನಮ್ಮ ಮಕ್ಕಳ ಗಂಟುಗಳು ಆ ಕಲ್ಲುಗಳ ಮೊಮ್ಮಕ್ಕಳು ಎಂದರೆ ತಪ್ಪಾಗದು.

ಇನ್ನು ನಮ್ಮ ನಾಡಿನ ವಿಚಾರ. ಅಮರ್ಜಾ ಹರಿದು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆ ಮುಂದೆ ಜೇವರ್ಗಿಯ ನೆಲ ಹಾಯುತ್ತದೆ. 1948ರವರೆಗೆ ಇದೆಲ್ಲ ನಿಜಾಮರ ಸೀಮೆ. ಅಲ್ಲಿ ಕಚೇರಿಗಳಿಗೆ ಶುಕ್ರವಾರ ಬಿಡುವು. ಕಾರ್ಮಿಕರಿಗೆ ರವಿವಾರದ ರಜೆ ಗಟ್ಟಿಯಾದದ್ದು ಮುಂಬಯಿಯ ಗಿರಣಿಗಳಲ್ಲಿ. ಜ್ಯೋತಿಬಾ ಫುಲೆಯವರ ಅನುಯಾಯಿ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಕಾರ್ಮಿಕರ ಸಭೆ ಸೇರಿಸಿ, 5,500 ಜನರ ಸಹಿಯ ಮನವಿ ಸಲ್ಲಿಸಿದರು. ರವಿವಾರ ಖಂಡೋಬನ ವಾರವೆಂಬುದನ್ನೂ ಅವರು ಮುಂದಿಟ್ಟರೆನ್ನುತ್ತಾರೆ. ಖಂಡೋಬನೆಂದರೆ ನಮ್ಮ ಮೈಲಾರನೇ. ಮಾಲೀಕರು ಒಪ್ಪಿದ್ದು 1890ರ ಜೂನ್ 10ರಂದು. ಮರುವರ್ಷ ಬ್ರಿಟಿಷ್ ಇಂಡಿಯಾದ ಕಾರ್ಖಾನೆ ಕಾಯ್ದೆ ವಾರದ ರಜೆಯನ್ನು ವಿಧಿಸಿತು. ಅದೇ 1891ರ ಮೇ 15ರಂದು ಜಗದ್ಗುರು ಹದಿಮೂರನೆಯ ಲಿಯೋ ‘ರೇರುಮ್ ನೊವಾರುಮ್’ ಪರಿಪತ್ರದಲ್ಲಿ ದುಡಿಯುವವನ ರವಿವಾರದ ವಿಶ್ರಾಂತಿ ಅವನ ಹಕ್ಕೆಂದು ವಾದಿಸಿದರು. ನಾವು ಕ್ರೈಸ್ತರದೆಂದುಕೊಳ್ಳುವ ಈ ರಜೆಯನ್ನು ನಮ್ಮ ದೇಶದ ದುಡಿಯುವವರಿಗೆ ಗಳಿಸಿಕೊಟ್ಟವರಲ್ಲಿ ಮೈಲಾರನ ಒಕ್ಕಲಿನವರೂ ಇದ್ದರೆಂಬುದು ನನಗೆ ಬಹಳ ಹಿತವೆನಿಸುತ್ತದೆ.

ಆದರೆ ಆ ರಜೆ ಎಲ್ಲರ ಮನೆಗೂ ಬಂದಿಲ್ಲ. ಈ ಮೂರೂ ತಾಲ್ಲೂಕುಗಳಿಂದ ಮುಂಬಯಿ, ಪುಣೆಗಳಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋದವರಿಗೆ ರವಿವಾರ ಕುಳಿತರೆ ಅಂದಿನ ಕೂಲಿಯಿಲ್ಲ. ವಿಮೋಚನಕಾಂಡದ ಇಪ್ಪತ್ತಮೂರನೆಯ ಅಧ್ಯಾಯ ತೆರೆದು ನೋಡಿ. ಅಲ್ಲಿ ಬಿಡುವು ಯಜಮಾನನಿಗಷ್ಟೇ ಅಲ್ಲ, ಎತ್ತಿಗೆ, ಕತ್ತೆಗೆ, ದಾಸಿಯ ಮಗನಿಗೆ, ಪರದೇಶಿಗೆ. ನಮ್ಮ ನೆರೆಯ ಲಿಂಗಾಯತ ರೈತರು ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರ ಎನ್ನುತ್ತಾರೆ. ಎತ್ತಿನ ಬಾಬತ್ತಿನಲ್ಲಿ ಅವರು ನಮಗಿಂತ ಒಂದು ಹೆಜ್ಜೆ ಮುಂದೆ.

ಅಜ್ಜಿಗೆ ಇದನ್ನೆಲ್ಲ ಹೇಳಿ, “ಜಪಸರ ಕಟ್ಟುವುದಕ್ಕೆ ಅಡ್ಡಿಯಿಲ್ಲ ತಾಯಿ” ಎಂದೆ. ಅವರು ತಲೆಯಾಡಿಸಿ ಬುತ್ತಿ ಬಿಚ್ಚಿದರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮಜ್ಜಿಗೆ. ಉಣ್ಣುತ್ತಿರುವಾಗ ಹೊಳೆಯಿತು: ನಾಲ್ಕು ಗಂಟೆಗೇ ಎದ್ದು ಇಷ್ಟು ರೊಟ್ಟಿ ಬಡಿದ ಹೆಂಗಸರಲ್ಲಿ ಒಬ್ಬರೂ ಬೆಳಗಿನಿಂದ ದಂಡೆಯ ಮೇಲೆ ನಡೆದಿರಲಿಲ್ಲ, ಒಂದು ಗರಿಯನ್ನೂ ಮುಟ್ಟಿರಲಿಲ್ಲ. ನಾನು ಅಷ್ಟು ಹೊತ್ತು ರವಿವಾರದ ಇತಿಹಾಸ ಹೇಳಿದ್ದು ಅವರ ಬೆನ್ನಿಗೆ.

ಸಂಜೆ ಬಿಸಿಲು ತಗ್ಗಿದ ಮೇಲೆ ಅವರೆಲ್ಲ ದಂಡೆಯುದ್ದಕ್ಕೂ ಮಾತಾಡುತ್ತ ಬಹುದೂರ ಹೋದರು. ಗಂಡಸರು ನೀರಿನಂಚಿನಲ್ಲಿ ಪಾತ್ರೆಗಳ ಮುಂದೆ ಕುಳಿತೆವು. ಅಜ್ಜಿ ಅರ್ಧ ದಾರಿಯಿಂದ ಹೊರಳಿ ಬಂದು ನನ್ನ ಕೈಯಲ್ಲಿದ್ದ ಗುಂಡಿಯನ್ನು ನೋಡಿ, “ಫಾದರ್, ತಳಕ್ಕ ಇನ್ನೊಂದೀಟು ಬೂದಿ ಹಾಕಿ ತಿಕ್ಕ್ರಿ” ಎಂದು ಹೇಳಿ ಮತ್ತೆ ನಡೆದರು.